ಟೈಪ್ ರೇಟಿಂಗ್, ಇನ್‌ಸ್ಟ್ರುಮೆಂಟ್ ರೇಟಿಂಗ್: ಎರಡರ ರೇಟು ಬೇರೆ ಬೇರೆ ಕೇಳಿ

ಹೆಲಿಕಾಪ್ಟರ್ ಲೈಸೆನ್ಸ್ ಇದೆ, ಅದಕ್ಕೆ ಟೈಪ್ ರೇಟಿಂಗ್ (ಒಂದು ನಿರ್ದಿಷ್ಟ ಮಾದರಿ ಹಾರಿಸುವ ಅರ್ಹತೆ), ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಕಾಣದಿದ್ದಾಗ ಉಪಕರಣ ನೋಡಿ ಹಾರಿಸುವ ಅರ್ಹತೆ) ಎರಡನ್ನೂ ವಿದೇಶದಲ್ಲಿ ಕಡಿಮೆ ಖರ್ಚಿನಲ್ಲಿ ಮಾಡುವುದು ಹೇಗೆ ಅಂತ ಕೇಳಿದ್ದೀರಿ. ವಿದೇಶಿ ಶಾಲೆಗಳು ನಿಮಗೆ ಹೇಳಿದ ಮೊತ್ತ ಅಷ್ಟು ದೊಡ್ಡದಾಗಲು ಕಾರಣ ಬಹುಶಃ ಇದು: ಎರಡೂ ರೇಟಿಂಗ್‌ನ ಗಂಟೆಗಳನ್ನು ಒಂದೇ ದುಬಾರಿ ಟರ್ಬೈನ್ (ಜೆಟ್ ಬಗೆಯ ಎಂಜಿನ್) ಹೆಲಿಕಾಪ್ಟರ್‌ನಲ್ಲಿ ಲೆಕ್ಕ ಹಾಕಿದ್ದಾರೆ.

ಮೊದಲು ನಿಮ್ಮ ಲೈಸೆನ್ಸ್ ಕೊಟ್ಟ ಇಲಾಖೆಗೆ ಮೇಲ್ ಮಾಡಿ, ಯಾವ ದೇಶದ ತರಬೇತಿ ಒಪ್ಪುತ್ತೀರಿ ಅಂತ ಕೇಳಿ. ಉತ್ತರ ಬರಹದಲ್ಲೇ ಇರಲಿ. ನಿಮ್ಮದು ಯಾವ ದೇಶದ ಲೈಸೆನ್ಸ್ ಅಂತ ಬರೆದಿಲ್ಲ, ಎಲ್ಲವೂ ಅದರ ಮೇಲೆ ನಿಂತಿದೆ.

ಅಮೆರಿಕದ ಲೈಸೆನ್ಸ್ ಆದರೆ 12,500 ಪೌಂಡ್ ತೂಕ ಮೀರದ ಹೆಲಿಕಾಪ್ಟರ್‌ಗಳಿಗೆ ಸಾಮಾನ್ಯವಾಗಿ ಟೈಪ್ ರೇಟಿಂಗೇ ಬೇಡ. ಯುರೋಪಿನಲ್ಲಿ ಪುಟ್ಟ ರಾಬಿನ್ಸನ್ ಆರ್22ಕ್ಕೂ ಬೇಕು! ಇನ್‌ಸ್ಟ್ರುಮೆಂಟ್‌ಗೆ ಅಮೆರಿಕದಲ್ಲಿ 40 ಗಂಟೆ. ಅದರಲ್ಲಿ 20ರವರೆಗೆ ಒಳ್ಳೆಯ ದರ್ಜೆಯ ಸಿಮ್ಯುಲೇಟರ್‌ನಲ್ಲಿ ಮುಗಿಸಬಹುದು. ನಿಜವಾದ ಉಳಿತಾಯ ಅಲ್ಲೇ. ಉಳಿದ ಗಂಟೆಗಳನ್ನು ರಾಬಿನ್ಸನ್ ಆರ್44ರಂಥ ಅಗ್ಗದ ಪಿಸ್ಟನ್ (ಕಾರಿನ ಬಗೆಯ ಎಂಜಿನ್) ಹೆಲಿಕಾಪ್ಟರಿನಲ್ಲಿ ಹಾರಿ ಮುಗಿಸಿ. ಆದರೆ ಯುರೋಪಿನ ಲೈಸೆನ್ಸ್‌ನಲ್ಲಿ ಇನ್‌ಸ್ಟ್ರುಮೆಂಟ್ ರೇಟಿಂಗ್ ಆಯಾ ಹೆಲಿಕಾಪ್ಟರ್ ಟೈಪ್‌ಗೆ ಅಂಟಿಕೊಂಡಿರುತ್ತದೆ, ಬೇರೆ ಟೈಪ್‌ಗೆ ಹೋದಾಗ ಮತ್ತೆ ತರಬೇತಿ ಬೇಕು.

ಆಮೇಲೆ ಎರಡು ಮೂರು ಶಾಲೆಗಳಿಂದ ಗಂಟೆಯ ರೇಟು ತರಿಸಿಕೊಳ್ಳಿ: ಇಂಧನ, ಬೋಧಕರು, ಲ್ಯಾಂಡಿಂಗ್ ಶುಲ್ಕ, ಪರೀಕ್ಷಕರ ಫೀ ಬಿಡಿಬಿಡಿಯಾಗಿ. ನನಗೆ ಪರೀಕ್ಷಕರ ಫೀ ಕೊನೆಯ ವಾರ ಗೊತ್ತಾಗಿತ್ತು. ಪೂರ್ತಿ ದುಡ್ಡು ಮುಂಗಡ ಕೊಡಬೇಡಿ, ಹಾರಿದಷ್ಟಕ್ಕೆ ಕಟ್ಟಿ. ಅಮೆರಿಕಕ್ಕೆ ಹೋಗುವುದಾದರೆ ವೀಸಾ, ಟಿಎಸ್‌ಎ (ಅಮೆರಿಕದ ಸಾರಿಗೆ ಭದ್ರತಾ ಸಂಸ್ಥೆ) ಒಪ್ಪಿಗೆ ಎರಡಕ್ಕೂ ಶಾಲೆ ಆರಿಸಿದ ಕೂಡಲೇ ಅರ್ಜಿ ಹಾಕಿ.