ಸಿಸೇರಿಯನ್ ನಂತರ ಹಾಲುಣಿಸಬಹುದೇ?

ಪ್ರಶ್ನೆ: ಮಗು ಅಡ್ಡಲಾಗಿರುವುದರಿಂದ ನನಗೆ 39ನೇ ವಾರದಲ್ಲಿ ಸಿಸೇರಿಯನ್ ನಿಗದಿಯಾಗಿದೆ. ಹೇಗೆ ಸಿದ್ಧಳಾಗಬೇಕು? ಹೊಲಿಗೆಯ ನೋವಿನಲ್ಲಿ ಹಾಲುಣಿಸಲು ಸಾಧ್ಯವೇ?

ಉತ್ತರ: ಖಂಡಿತ ಸಾಧ್ಯ. ಸಾಮಾನ್ಯವಾಗಿ ಬೆನ್ನಿಗೆ ಅರಿವಳಿಕೆ ಚುಚ್ಚುಮದ್ದು ಕೊಟ್ಟು ದೇಹದ ಕೆಳಭಾಗವನ್ನಷ್ಟೇ ಮರಗಟ್ಟಿಸುವುದರಿಂದ ನೀವು ಎಚ್ಚರವಾಗಿಯೇ ಇರುತ್ತೀರಿ. ಇಬ್ಬರೂ ಆರೋಗ್ಯವಾಗಿದ್ದರೆ ಮೊದಲ ಗಂಟೆಯಲ್ಲೇ ಹಾಲುಣಿಸಬಹುದು. ಮಗುವನ್ನು ಕಂಕುಳ ಪಕ್ಕದಲ್ಲಿ ಹಿಡಿದರೆ ಗಾಯದ ಮೇಲೆ ಭಾರ ಬೀಳದು. ನೋವನ್ನು ದಯವಿಟ್ಟು ಸಹಿಸಿಕೊಂಡಿರಬೇಡಿ. ಹಾಲುಣಿಸುವಾಗಲೂ ಸುರಕ್ಷಿತವಾದ ನೋವುನಿವಾರಕಗಳಿವೆ.

ಶಸ್ತ್ರಚಿಕಿತ್ಸೆಗೆ ಕನಿಷ್ಠ 6 ಗಂಟೆ ಮೊದಲೇ ಗಟ್ಟಿ ಆಹಾರ ನಿಲ್ಲಿಸಬೇಕು. ನೀವು ಸೇವಿಸುವ ಔಷಧಿಗಳನ್ನೂ ನಿಮಗಿರುವ ಅಲರ್ಜಿಗಳನ್ನೂ ವೈದ್ಯರಿಗೆ ಮುಂಚೆಯೇ ತಿಳಿಸಿ.

ಹೆರಿಗೆಯ ನಂತರ ಮಲಗಿಯೇ ಇರುವುದು ಒಳ್ಳೆಯದಲ್ಲ. ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಈ ಸಮಯದಲ್ಲಿ ಹೆಚ್ಚಿರುವುದರಿಂದ, ಮರಗಟ್ಟಿದ ಕಾಲುಗಳಿಗೆ ಶಕ್ತಿ ಮರಳಿ ದಾದಿಯರು ಒಪ್ಪಿದ ಕೂಡಲೇ ಅವರ ಆಸರೆಯಲ್ಲಿ ನಾಲ್ಕು ಹೆಜ್ಜೆ ನಡೆಯಿರಿ. ಕೆಮ್ಮುವಾಗ ಹೊಟ್ಟೆಗೆ ದಿಂಬು ಒತ್ತಿಕೊಳ್ಳಿ. ಸುಮಾರು 6 ವಾರ ಮಗುವಿಗಿಂತ ಭಾರವಾದುದನ್ನು ಎತ್ತಬೇಡಿ. ಮನೆಯವರಿಗೂ ಇದನ್ನು ಈಗಲೇ ಹೇಳಿಡಿ. ಜ್ವರ, ಗಾಯದಲ್ಲಿ ಕೀವು, ಅತಿಯಾದ ರಕ್ತಸ್ರಾವ, ಒಂದೇ ಕಾಲಿನ ಮೀನಖಂಡದಲ್ಲಿ ಊತ, ಉಸಿರಾಟದ ತೊಂದರೆ ಇವುಗಳಲ್ಲಿ ಯಾವುದೇ ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಿ.