ಕೊಟ್ಟಿಗೆಯ ಬಾಗಿಲಿಗೆ ಬರುವ ಬೇಟೆಗಾರರು: ಓದುಗರ ಪ್ರಶ್ನೆಗಳಿಗೆ ಉತ್ತರ

ಕಬ್ಬಿನ ಕಟಾವು ಶುರುವಾದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಚಿರತೆ, ತೋಳ, ನರಿಗಳದೇ ಸುದ್ದಿ. ಆದ್ದರಿಂದ ಗೊಬ್ಬರ, ಬಿತ್ತನೆ, ಬೆಳೆರೋಗಗಳ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಉಳಿಸಿಕೊಂಡು, ಈ ಬಾರಿ ಹೊಲ-ತೋಟಗಳ ಸುತ್ತ ಓಡಾಡುವ ಬೇಟೆಪ್ರಾಣಿಗಳ ಬಗೆಗಿನ ಪ್ರಶ್ನೆಗಳನ್ನಷ್ಟೇ ಆರಿಸಿಕೊಳ್ಳಲಾಗಿದೆ. ಕೇಳಿದವರ ಹೆಸರುಗಳನ್ನು ಪ್ರಕಟಿಸಿಲ್ಲ.

ಪ್ರಶ್ನೆ: ನಮ್ಮ ಮನೆ ಊರಿನಿಂದ ಸ್ವಲ್ಪ ದೂರ, ತೋಟದಲ್ಲೇ ಇದೆ, ಮೂರು ಕಡೆಯೂ ಕಬ್ಬಿನ ಗದ್ದೆ. ಮೊದಲು ಅಂಗಳದಲ್ಲಿ ಕಟ್ಟಿದ್ದ ನಾಯಿಯನ್ನು ಚಿರತೆ ಹೊತ್ತೊಯ್ದಿತು. ಆಮೇಲೆ ಒಂದು ರಾತ್ರಿ ಕುರಿದೊಡ್ಡಿಗೆ ನುಗ್ಗಿ ಆರು ಕುರಿಗಳನ್ನು ಕೊಂದು, ಒಂದನ್ನೂ ಪೂರ್ತಿ ತಿನ್ನದೆ ಹೋಯಿತು. ಹಸಿವಿಗಲ್ಲದಿದ್ದರೆ ಅದು ಕೊಲ್ಲುವುದೇಕೆ? ಬೋನು ಇಡಿಸಿ ಹಿಡಿಸಿದರೆ ಕಾಟ ತಪ್ಪುತ್ತದೆಯೇ?
— ರೈತ, ತಿ. ನರಸೀಪುರ ತಾಲ್ಲೂಕು

ಉತ್ತರ: ಕಾಡಿನಲ್ಲಿ ಚಿರತೆ ಒಂದು ಜಿಂಕೆಯ ಮೇಲೆ ಎರಗಿದ ಕ್ಷಣಕ್ಕೆ ಉಳಿದ ಜಿಂಕೆಗಳು ಓಡಿಹೋಗುತ್ತವೆ, ಬೇಟೆ ಅಲ್ಲಿಗೆ ಮುಗಿಯುತ್ತದೆ. ದೊಡ್ಡಿಯಲ್ಲಿ ಕುರಿಗಳು ಓಡಲಾಗದೆ ಗೋಡೆಗೆ ಬಡಿದುಕೊಳ್ಳುತ್ತ, ಅರಚುತ್ತ ಅದರ ಮುಂದೆಯೇ ಸುತ್ತುತ್ತಿರುತ್ತವೆ. ಆ ಗದ್ದಲವೇ ಅದನ್ನು ಮತ್ತೆ ಮತ್ತೆ ಎರಗುವಂತೆ ಕೆರಳಿಸುತ್ತದೆ. ಸೇಡಾಗಲಿ, ರಕ್ತದ ಚಟವಾಗಲಿ ಇದರಲ್ಲಿಲ್ಲ. ಒಮ್ಮೆ ಒಳಗೆ ದಾರಿ ಸಿಕ್ಕಿತೆಂದರೆ ನಷ್ಟ ಒಂದು ಕುರಿಗೆ ನಿಲ್ಲುವುದಿಲ್ಲ ಎಂಬುದನ್ನಂತೂ ಇದರಿಂದ ತಿಳಿಯಬೇಕು.

ನಾಯಿಯ ವಿಷಯವನ್ನು ನೀವು ಪತ್ರದಲ್ಲಿ ಹಾದುಹೋಗುವಂತೆ ಬರೆದಿದ್ದೀರಿ, ಆದರೆ ಮೊದಲ ಸುಳಿವು ಇರುವುದು ಅಲ್ಲೇ. ಮಹಾರಾಷ್ಟ್ರದ ಅಕೋಲೆ ತಾಲ್ಲೂಕಿನ ಕೃಷಿಭೂಮಿಯಲ್ಲಿ ವನ್ಯಜೀವಿ ಸಂಶೋಧಕಿ ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಚಿರತೆಯ ಹಿಕ್ಕೆಯನ್ನು ಪರೀಕ್ಷಿಸಿದಾಗ, ಅದರ ಆಹಾರದಲ್ಲಿ ತೂಕದ ಲೆಕ್ಕದಲ್ಲಿ ಶೇ 39ರಷ್ಟು ನಾಯಿಯೇ ಇತ್ತು. ಆ ಭಾಗದಲ್ಲಿ ನಾಯಿಗಳಿಗಿಂತ ಎಷ್ಟೋ ಪಟ್ಟು ಹೆಚ್ಚು ಮೇಕೆಗಳಿದ್ದರೂ ಮೇಕೆಯ ಪಾಲು ಶೇ 11 ಮಾತ್ರ. ಮೇಕೆಗಳನ್ನು ರಾತ್ರಿ ಒಳಗೆ ಕೂಡುತ್ತಾರೆ, ನಾಯಿಗಳು ಹೊರಗಿರುತ್ತವೆ. ಸರಪಳಿಯಲ್ಲಿ ಕಟ್ಟಿಹಾಕಿದ ನಾಯಿ ಚಿರತೆಯ ಪಾಲಿಗೆ ಕಾವಲುಗಾರನಲ್ಲ, ಬಡಿಸಿಟ್ಟ ಊಟ. ಊರಂಚಿನಲ್ಲಿ ಕೋಳಿ ಅಂಗಡಿಯ ತ್ಯಾಜ್ಯ ಸುರಿಯುವ ಜಾಗವಿದ್ದರೆ ಅಲ್ಲಿ ಬೀದಿನಾಯಿಗಳು ಸೇರುತ್ತವೆ, ಅವುಗಳ ಹಿಂದೆಯೇ ಚಿರತೆ ಬರುತ್ತದೆ. ಪಂಚಾಯಿತಿಯವರು ಬೋನಿಗೆ ಅರ್ಜಿ ಬರೆಯುವುದಕ್ಕೆ ಮುಂಚೆ ಆ ತಿಪ್ಪೆಯನ್ನು ಎತ್ತಿಸುವುದು ಒಳ್ಳೆಯದು.

ಇನ್ನು ಬೋನಿನ ಮಾತು. 2022–23ರಲ್ಲಿ ನಿಮ್ಮ ತಾಲ್ಲೂಕಿನಲ್ಲೇ ಚಿರತೆಗಳು ಜನರನ್ನು ಕೊಂದದ್ದನ್ನು ಯಾರೂ ಮರೆತಿಲ್ಲ. ಮನುಷ್ಯರ ಮೇಲೆ ಎರಗಿದ ಪ್ರಾಣಿಯನ್ನು ಹಿಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕುರಿಯನ್ನೋ ನಾಯಿಯನ್ನೋ ಒಯ್ದ ಪ್ರತಿಯೊಂದು ಚಿರತೆಯನ್ನೂ ಹಿಡಿದು ದೂರದ ಕಾಡಿಗೆ ಬಿಡುವ ಪದ್ಧತಿಯಿಂದ ಏನಾಗುತ್ತದೆ ಎಂಬುದಕ್ಕೆ ಪುಣೆ ಜಿಲ್ಲೆಯ ಜುನ್ನರ್‌ನ ಅನುಭವವಿದೆ. ಅಲ್ಲಿ 1993ರಿಂದ 2001ರವರೆಗೆ ಜನರ ಮೇಲೆ ವರ್ಷಕ್ಕೆ ಸರಾಸರಿ ನಾಲ್ಕು ದಾಳಿಗಳಾಗುತ್ತಿದ್ದವು. 2001ರಿಂದ ಚಿರತೆಗಳನ್ನು ಹಿಡಿದು ಬೇರೆಡೆಗೆ ಸಾಗಿಸುವ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆದ ಮೇಲೆ, 2003ರವರೆಗಿನ ಅವಧಿಯಲ್ಲಿ ಆ ಸರಾಸರಿ ಹದಿನೇಳಕ್ಕೆ ಏರಿತು. ಚಿರತೆ ತನ್ನ ನೆಲೆಯನ್ನು ಹುಡುಕಿಕೊಂಡು ಹಿಂತಿರುಗಲು ನೋಡುತ್ತದೆ, ಗೊತ್ತಿಲ್ಲದ ಜಾಗದಲ್ಲಿ ಅಲೆಯುವಾಗ ಜನರಿಗೆ ಎದುರಾಗುತ್ತದೆ. ಇತ್ತ ಅದು ತೆರವು ಮಾಡಿದ ಜಾಗಕ್ಕೆ ಇನ್ನೊಂದು ಬಂದು ಸೇರುತ್ತದೆ. 2022ರ ಅಂದಾಜಿನಂತೆ ರಾಜ್ಯದಲ್ಲಿ 1,879 ಚಿರತೆಗಳಿವೆ, ಅದೂ ಮುಖ್ಯವಾಗಿ ಕಾಡುಗಳನ್ನು ಆಧರಿಸಿದ ಲೆಕ್ಕ. ಹೀಗಿರುವಾಗ ಒಂದನ್ನು ಸಾಗಿಸಿ ನಿಶ್ಚಿಂತೆಯಿಂದ ಮಲಗುವ ಹಾಗಿಲ್ಲ.

ಆದ್ದರಿಂದ ಹಣ ಹಾಕುವುದಾದರೆ ದೊಡ್ಡಿಗೆ ಹಾಕಿ. ಕುರಿದೊಡ್ಡಿಗಳನ್ನು ನೋಡಿದರೆ ಸಾಮಾನ್ಯವಾಗಿ ಎದೆಮಟ್ಟದ ಗೋಡೆ ಗಟ್ಟಿಯಾಗಿರುತ್ತದೆ, ಮೇಲೆ ಶೀಟು ಹೊದಿಸಿರುತ್ತಾರೆ. ಗೋಡೆಗೂ ಶೀಟಿಗೂ ನಡುವೆ ಗಾಳಿಗೆಂದು ಬಿಟ್ಟ ಅಂತರವೇ ಚಿರತೆಯ ಬಾಗಿಲು. ಆ ಅಂತರಕ್ಕೆ ಬೆಸುಗೆ ಹಾಕಿದ ದಪ್ಪ ಕಂಬಿಯ ಜಾಲರಿಯನ್ನು ಚೌಕಟ್ಟಿನ ಸಮೇತ ಕೂರಿಸಬೇಕು. ತೆಳು ತಂತಿಯ ಬಲೆಯನ್ನು ಮೊಳೆಗೆ ಸಿಕ್ಕಿಸಿದರೆ ಅದು ಒಂದೇ ಎಳೆತಕ್ಕೆ ಕಿತ್ತುಬರುತ್ತದೆ. ಶೀಟುಗಳನ್ನು ಕಲ್ಲು ಹೇರಿ ನಿಲ್ಲಿಸಿದ್ದರೆ ತೆಗೆದು, ಬೋಲ್ಟು ಹಾಕಿ ಬಿಗಿಯಿರಿ. ಬಾಗಿಲಿನ ಕೆಳಗೆ ಸಂದಿ ಇರಬಾರದು, ಒಳಗೆ ತಳ್ಳಿದರೆ ತೆರೆದುಕೊಳ್ಳುವ ಬಾಗಿಲಾದರೆ ಅಗುಳಿ ಗಟ್ಟಿಯಿರಬೇಕು. ನಾಯಿಯನ್ನೂ ರಾತ್ರಿ ಒಳಗೇ ಬಿಡಿ.

ಕಬ್ಬಿನ ನಡುವಿನ ದಾರಿಯಲ್ಲಿ ಮುಸ್ಸಂಜೆಯ ಮೇಲೆ ಮಕ್ಕಳನ್ನು ಒಂಟಿಯಾಗಿ ಕಳುಹಿಸಬೇಡಿ. ಬಗ್ಗಿ ಅಥವಾ ಕುಕ್ಕರಗಾಲಿನಲ್ಲಿ ಕೂತು ಕೆಲಸ ಮಾಡುವವರು ಚಿರತೆಯ ಕಣ್ಣಿಗೆ ಸಣ್ಣ ಪ್ರಾಣಿಯಂತೆ ಕಾಣುವ ಅಪಾಯವಿರುವುದರಿಂದ ಜೊತೆಯಲ್ಲಿ ಇನ್ನೊಬ್ಬರಿರಲಿ, ಮಾತು ಜೋರಾಗಿರಲಿ, ಬ್ಯಾಟರಿ ಕೈಯಲ್ಲಿರಲಿ. ನೀರು ಕಟ್ಟಲು ರಾತ್ರಿಯೇ ಹೋಗಬೇಕಾದ ಅನಿವಾರ್ಯ ರೈತನ ತಪ್ಪಲ್ಲ. ಹಗಲಿನಲ್ಲಿ ತ್ರೀಫೇಸ್ ಕರೆಂಟು ಕೊಟ್ಟರೆ ಚಿರತೆಯ ಸಮಸ್ಯೆಯಲ್ಲಿ ಒಂದು ಪಾಲು ತಾನೇ ಇಳಿಯುತ್ತದೆ ಎಂದು ಇಲ್ಲಿ ಬರೆಯದೆ ಇರಲಾಗದು. ಸತ್ತ ಕುರಿಗಳ ಪರಿಹಾರಕ್ಕೆ ಕಳೇಬರಗಳನ್ನು ಕದಲಿಸದೆ ಫೋಟೊ ತೆಗೆದು, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕೂಡಲೇ ತಿಳಿಸಿ, ಮಹಜರು ಮತ್ತು ಪಶುವೈದ್ಯರ ವರದಿ ಆಗುವಂತೆ ನೋಡಿಕೊಳ್ಳಿ. ಹೂತುಹಾಕಿದ ಮೇಲೆ ಹೇಳಿದರೆ ಸಾಕ್ಷ್ಯವೇ ಇರುವುದಿಲ್ಲ.

ಪ್ರಶ್ನೆ: ಕಬ್ಬು ಕಡಿಯುವಾಗ ಎರಡು ಚಿರತೆ ಮರಿಗಳು ಸಿಕ್ಕವು. ಮನೆಗೆ ತಂದು ಹಾಲು ಹಾಕಬಹುದೇ?
— ಓದುಗರು, ಪಾಂಡವಪುರ

ಉತ್ತರ: ಬೇಡ. ತಾಯಿ ಹತ್ತಿರದಲ್ಲೇ ಇರುತ್ತದೆ, ಮರಿ ಕಾಣದಿದ್ದರೆ ಅದು ಅಲ್ಲೇ ಸುತ್ತುತ್ತದೆ, ಅಪಾಯ ಹೆಚ್ಚುವುದು ಆಗಲೇ. ಕಡಿಯುವುದನ್ನು ನಿಲ್ಲಿಸಿ, ಎಲ್ಲರೂ ದೂರ ಸರಿದು, ಇಲಾಖೆಯವರನ್ನು ಕರೆಸಿ. ಜುನ್ನರ್ ಭಾಗದಲ್ಲಿ ಮರಿಗಳನ್ನು ಸಿಕ್ಕ ಜಾಗದಲ್ಲೇ ಪೆಟ್ಟಿಗೆಯಲ್ಲಿಟ್ಟು ರಾತ್ರಿ ತಾಯಿ ಬಂದು ಒಯ್ಯುವಂತೆ ಮಾಡುವ ಕ್ರಮ ಅನೇಕ ಸಲ ಫಲಿಸಿದೆ. ಸೆಲ್ಫಿಗೆಂದು ಮರಿಯನ್ನು ಕೈಯಿಂದ ಕೈಗೆ ದಾಟಿಸುವ ಹುಡುಗರನ್ನು ಗದರಿಸುವ ಹಿರಿಯರೊಬ್ಬರು ಗದ್ದೆಯಲ್ಲಿರಬೇಕು.

ಪ್ರಶ್ನೆ: ನಮ್ಮ ಹಟ್ಟಿಯಿಂದ ತೋಳ ಮೂರು ಮರಿಗಳನ್ನು ಒಯ್ದಿದೆ. ಮುಧೋಳ ನಾಯಿ ಸಾಕಿದರೆ ತಡೆಯಬಹುದೇ? ತಿಂದು ಬಿಟ್ಟ ಮಾಂಸಕ್ಕೆ ಔಷಧಿ ಬೆರೆಸಿಡಿ ಎಂದು ಕೆಲವರು ಹೇಳುತ್ತಾರೆ.
— ಕುರಿಗಾರ, ಕುಷ್ಟಗಿ ತಾಲ್ಲೂಕು

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ ಮತ್ತು ನಾಲ್ಕು ಮರಿಗಳು ಸತ್ತುಬಿದ್ದದ್ದು ಹೀಗೆಯೇ, ವಿಷ ಬೆರೆಸಿದ ದನದ ಕಳೇಬರ ತಿಂದು. ವಿಷ ಇಟ್ಟವನು ತೋಳಕ್ಕೆಂದು ಇಟ್ಟರೂ ಅದನ್ನು ತಿನ್ನುವುದು ಕಾಗೆ, ಹದ್ದು, ಪಕ್ಕದ ಹಟ್ಟಿಯ ನಾಯಿ, ಎಲ್ಲವೂ. ತೋಳ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿದೆ; ಕೊಂದದ್ದು ಸಾಬೀತಾದರೆ ಕನಿಷ್ಠ ಮೂರು, ಗರಿಷ್ಠ ಏಳು ವರ್ಷ ಸೆರೆವಾಸ. ಮೂರು ಮರಿಗಳ ಬೆಲೆಗೆ ಅಷ್ಟು ತೆರಬೇಕೇ?

ಮುಧೋಳ ನಾಯಿ ಕಣ್ಣಿಗೆ ಬಿದ್ದ ಮೊಲವನ್ನು ಓಡಿಸಿ ಹಿಡಿಯಲೆಂದು ಬೆಳೆದುಬಂದ ತಳಿ. ಕುರಿ ಬಿಟ್ಟು ಬೇಟೆಯ ಹಿಂದೆ ಓಡುವ ನಾಯಿ ಹಟ್ಟಿಗೆ ಆಗಿಬರುವುದಿಲ್ಲ; ಕುರಿಗಳ ನಡುವೆಯೇ ಮರಿಯಿಂದ ಬೆಳೆದು, ಹಟ್ಟಿಯನ್ನೇ ತನ್ನ ಮನೆಯೆಂದುಕೊಂಡ ಭಾರದ ಮೈಯ ನಾಯಿ ಬೇಕು, ಒಂದಕ್ಕಿಂತ ಎರಡಿದ್ದರೆ ಲೇಸು. ಹಿಮಾಲಯದ ಗದ್ದಿ ಕುರಿಗಾರರು ಅಂಥ ನಾಯಿಗಳ ಕೊರಳಿಗೆ ಮುಳ್ಳಿರುವ ಕಬ್ಬಿಣದ ಪಟ್ಟಿ ಕಟ್ಟುತ್ತಾರೆ, ಎರಗಿದ ಪ್ರಾಣಿಯ ಬಾಯಿ ಕುತ್ತಿಗೆಗೆ ಸಿಗದಂತೆ. ನಾಯಿಗಳಿಗೆ ರೇಬೀಸ್ ಲಸಿಕೆ ಹಾಕಿಸುವುದನ್ನು ಮರೆಯಬೇಡಿ. ಹುಚ್ಚು ಹಿಡಿದ ತೋಳ ಕಚ್ಚಿದರೆ ಗಾಯವನ್ನು ಸಾಬೂನು ನೀರಿನಿಂದ ಹದಿನೈದು ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು.

ತೋಳ ಸಾಮಾನ್ಯವಾಗಿ ಮಂದೆಯ ಬಾಲದಲ್ಲಿ ಹಿಂದುಳಿದ ಮರಿಯನ್ನು, ಮೇಯಿಸುವವರ ಕಣ್ಣು ತಪ್ಪಿದಾಗ ಒಯ್ಯುತ್ತದೆ. ನಮ್ಮ ಸೀಮೆಯಲ್ಲಿ ಅದು ಮರಿ ಹಾಕುವುದು ಚಳಿಗಾಲದಲ್ಲಿ. ಮರಿಗಳ ಹೊಟ್ಟೆ ತುಂಬಿಸಬೇಕಾದ ಆ ತಿಂಗಳುಗಳಲ್ಲಿ ಮಂದೆಯ ಹಿಂದೆಯೂ ಒಬ್ಬರಿರಬೇಕು, ಎಳೆ ಮರಿಗಳನ್ನು ಹಟ್ಟಿಯಲ್ಲೇ ಮುಚ್ಚಿ ಬಿಟ್ಟು ಹೋಗಬೇಕು. ಇದನ್ನು ನಿಮ್ಮ ಹಿರಿಯರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಈಗ ಕಷ್ಟ ಹೆಚ್ಚಾಗಿರುವುದಕ್ಕೆ ಕಾರಣ, ತೋಳ ಮತ್ತು ಕುರಿ ಇಬ್ಬರಿಗೂ ಬೇಕಾದ ಹುಲ್ಲುಗಾವಲು ಸೋಲಾರ್ ಫಲಕಗಳಿಗೂ ಉಳುಮೆಗೂ ಹೋಗುತ್ತಿರುವುದು. ನಿಮ್ಮ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗಾಗಿ ವನ್ಯಧಾಮ ಆಗಿದೆ ನಿಜ, ಆದರೆ ತೋಳಕ್ಕೆ ಅದರ ಗಡಿ ಗೊತ್ತಿಲ್ಲ.

ಪ್ರಶ್ನೆ: ನಾವು ಅಮೆರಿಕದ ಟೆಕ್ಸಸ್‌ನಲ್ಲಿ, ಆಸ್ಟಿನ್ ನಗರದ ಹೊರಗೆ ಐದು ಎಕರೆ ಜಮೀನು ಕೊಂಡಿದ್ದೇವೆ. ಕೋಳಿ, ನಾಲ್ಕು ಆಡು ಮತ್ತು ಒಂದು ಪುಟ್ಟ ನಾಯಿ ಇವೆ. ರಾತ್ರಿ ಕಯೋಟಿಗಳು ಊಳಿಡುವುದನ್ನು ಕೇಳಿದರೆ ಇಪ್ಪತ್ತು-ಮೂವತ್ತು ಇರುವಂತೆ ತೋರುತ್ತದೆ. ನೆರೆಯವರು ಗುಂಡು ಹೊಡೆದುಬಿಡಿ ಎನ್ನುತ್ತಾರೆ. ಇವು ನಮ್ಮ ನರಿಯಂತೆಯೇ? ಏನು ಮಾಡಬೇಕು?
— ಓದುಗರು, ಟೆಕ್ಸಸ್

ಉತ್ತರ: ಕಯೋಟಿ ನಮ್ಮ ನರಿ, ತೋಳಗಳ ಹತ್ತಿರದ ನೆಂಟ, ಮೈಕಟ್ಟಿನಲ್ಲಿ ಎರಡರ ನಡುವೆ, ತೂಕ ಸುಮಾರು 9ರಿಂದ 20 ಕಿಲೊ. ಎರಡು-ಮೂರು ಕಯೋಟಿಗಳು ಸ್ವರವನ್ನು ಏರಿಳಿಸುತ್ತ ಒಟ್ಟಿಗೆ ಊಳಿಟ್ಟರೆ ದೊಡ್ಡ ಹಿಂಡೇ ಇದ್ದಂತೆ ಕೇಳಿಸುತ್ತದೆ, ಆದ್ದರಿಂದ ಕಿವಿಯ ಎಣಿಕೆಯನ್ನು ನಂಬಬೇಡಿ. ಇಲಿ, ಮೊಲ, ಮಿಡತೆ, ಉದುರಿದ ಹಣ್ಣು, ಸತ್ತ ಪ್ರಾಣಿ, ಏನು ಸಿಕ್ಕರೂ ತಿನ್ನುವ ಜೀವ ಅದು.

ಟೆಕ್ಸಸ್ ಕಾನೂನಿನಲ್ಲಿ ಜಮೀನಿನ ಮಾಲೀಕರು ಕಯೋಟಿಯನ್ನು ವರ್ಷವಿಡೀ ಹೊಡೆಯಲು ಅಡ್ಡಿಯಿಲ್ಲ. ಆದರೆ ಹೊಡೆದದ್ದರಿಂದ ಏನಾಯಿತು ಎಂಬುದಕ್ಕೆ ಆ ದೇಶದ ಚರಿತ್ರೆಯೇ ಉತ್ತರ. 1915ರಿಂದ ಅಲ್ಲಿನ ಕೇಂದ್ರ ಸರ್ಕಾರವೇ ಹಣ ಕೊಟ್ಟು ಬೇಟೆಪ್ರಾಣಿಗಳನ್ನು ಕೊಲ್ಲಿಸತೊಡಗಿತು. ತೋಳಗಳು ಹೆಚ್ಚುಕಡಿಮೆ ನಿರ್ನಾಮವಾದವು. ಕಯೋಟಿ ಮಾತ್ರ ತೋಳ ಬಿಟ್ಟುಹೋದ ಜಾಗಗಳಿಗೂ ಹಬ್ಬಿ ಇಂದು ಅಲಾಸ್ಕಾದಿಂದ ಪನಾಮಾವರೆಗೆ ಇದೆ. ಸಂಖ್ಯೆ ಇಳಿದಾಗ ಉಳಿದವಕ್ಕೆ ಆಹಾರ ಹೆಚ್ಚು ಸಿಕ್ಕಿ, ಹೆಚ್ಚು ಮರಿಗಳು ಬದುಕುತ್ತವೆ, ಚಿಕ್ಕ ವಯಸ್ಸಿನ ಹೆಣ್ಣುಗಳೂ ಈಯುತ್ತವೆ. ಕ್ಯಾಲಿಫೋರ್ನಿಯಾದಲ್ಲಿ 1975ರಲ್ಲಿ ಮಾಡಿದ ಲೆಕ್ಕಾಚಾರವೊಂದರ ಪ್ರಕಾರ, ವರ್ಷವರ್ಷವೂ ಶೇ 75ರಷ್ಟು ಕಯೋಟಿಗಳನ್ನು ಕೊಲ್ಲುತ್ತ ಹೋದರೂ ಪೂರ್ತಿ ಅಳಿಸಲು ಐವತ್ತು ವರ್ಷಕ್ಕೂ ಮೇಲೆ ಬೇಕು. ಐದು ಎಕರೆಯಲ್ಲಿ ನಿಂತು ಒಂದಕ್ಕೆ ಗುಂಡು ಹೊಡೆದರೆ, ನಿಮ್ಮ ಆಡುಗಳ ಗೊಡವೆಗೆ ಬಾರದೆ ಇಲಿ ಹಿಡಿದು ಬದುಕುತ್ತಿದ್ದ ಜೋಡಿಯೇ ಹೋಗಿ, ಹೊಸದಾಗಿ ಬಂದ ಪುಂಡ ಪ್ರಾಣಿ ಆ ಜಾಗ ಹಿಡಿಯಬಹುದು.

ನಿಮ್ಮ ಕೆಲಸ ಕೋಳಿಗೂಡಿನಿಂದ ಶುರುವಾಗಲಿ. ಅಲ್ಲಿ ಅಂಗಡಿಯಲ್ಲಿ ಸಿಗುವ ಆರು ಮೂಲೆಯ ಕಣ್ಣಿನ ತೆಳು ತಂತಿಬಲೆ ಕೋಳಿಯನ್ನು ಒಳಗಿಡುತ್ತದೆಯೇ ಹೊರತು ಕಯೋಟಿಯನ್ನು ಹೊರಗಿಡುವುದಿಲ್ಲ. ಅರ್ಧ ಇಂಚು ಕಣ್ಣಿನ ಗಟ್ಟಿ ಜಾಲರಿ ಹಾಕಿ, ಅದರ ಕೆಳ ಅಂಚನ್ನು ನೆಲದ ಮೇಲೆ ಹೊರಮುಖವಾಗಿ ಹಾಸಿ ಮಣ್ಣು ಮುಚ್ಚಿ. ಬಿಲ ತೋಡಲು ಬಂದ ಪ್ರಾಣಿ ಗೋಡೆಯ ಬುಡದಲ್ಲೇ ಕೆರೆಯುತ್ತದೆ, ಕಾಲಿಗೆ ಜಾಲರಿ ಸಿಕ್ಕಿದರೆ ಎರಡಡಿ ಹಿಂದೆ ಸರಿದು ತೋಡಬೇಕೆಂದು ಅದಕ್ಕೆ ಹೊಳೆಯುವುದು ಅಪರೂಪ. ಆಡುಗಳಿಗೆ ಆರಡಿ ಬೇಲಿ ಇರಲಿ, ರಾತ್ರಿ ಒಳಗೆ ಕೂಡಿ. ಗ್ರೇಟ್ ಪಿರನೀಸ್, ಅನಟೋಲಿಯನ್ ತಳಿಯ ಕಾವಲುನಾಯಿಗಳನ್ನು ಅಲ್ಲಿನ ರೈತರು ಮಂದೆಯ ಜೊತೆಗೇ ಬಿಡುತ್ತಾರೆ. ಅಷ್ಟೇ ಅಲ್ಲ, ಕತ್ತೆಯನ್ನೂ ಬಿಡುತ್ತಾರೆ. ಕತ್ತೆಗೆ ನಾಯಿ ಜಾತಿಯ ಪ್ರಾಣಿಯನ್ನು ಕಂಡರಾಗದು, ಅಟ್ಟಿಸಿಕೊಂಡು ಹೋಗಿ ಒದೆಯುತ್ತದೆ. ಒಂದೇ ಹೆಣ್ಣು ಕತ್ತೆ ಇರಲಿ. ಎರಡಿದ್ದರೆ ಅವು ತಮ್ಮತಮ್ಮಲ್ಲೇ ಸೇರಿಕೊಂಡು ಆಡುಗಳನ್ನು ಮರೆಯುತ್ತವೆ. ಆದರೆ ನಿಮ್ಮ ಪುಟ್ಟ ನಾಯಿಯನ್ನೂ ಅದು ಬಿಡುವುದಿಲ್ಲ, ನೆನಪಿರಲಿ.

ಆ ನಾಯಿಯನ್ನು ಮುಂಜಾನೆ, ಮುಸ್ಸಂಜೆಗಳಲ್ಲಿ ಬಳ್ಳಿ ಹಾಕದೆ ಹೊರಗೆ ಬಿಡಬೇಡಿ. ಅದರ ಊಟದ ತಟ್ಟೆ, ಹಕ್ಕಿಗಳಿಗೆ ಚೆಲ್ಲಿದ ಕಾಳು, ಮರದಡಿ ಬಿದ್ದ ಹಣ್ಣು ಅಂಗಳದಲ್ಲಿ ಉಳಿಯಬಾರದು. ಕಯೋಟಿ ಎದುರಾದರೆ ಓಡದೆ, ಕೈ ಎತ್ತಿ, ಕೂಗಿ, ತಟ್ಟೆ ಬಡಿದು ಓಡಿಸಿ. ಮನುಷ್ಯರೆಂದರೆ ದೂರವಿರಬೇಕೆಂಬ ಪಾಠ ಅದಕ್ಕೆ ನೆನಪಿರಬೇಕು. ಮರಿಗಳಿರುವ ಏಪ್ರಿಲ್, ಮೇ ತಿಂಗಳಲ್ಲಿ ಅದು ಸ್ವಲ್ಪ ದೂರ ನಿಮ್ಮ ಹಿಂದೆಯೇ ಬಂದರೆ, ಬಿಲದ ಹತ್ತಿರದಿಂದ ನಿಮ್ಮನ್ನು ದಾಟಿಸುತ್ತಿದೆ ಎಂದು ತಿಳಿಯಬಹುದು. ಅಮೆರಿಕ ಮತ್ತು ಕೆನಡಾಗಳಲ್ಲಿ ಕಯೋಟಿಯಿಂದ ಮನುಷ್ಯರು ಸತ್ತ ದಾಖಲೆಗಳು ಎರಡೇ: 1981ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಂದು ಮಗು, 2009ರಲ್ಲಿ ನೋವಾ ಸ್ಕೋಷಿಯಾದಲ್ಲಿ ಒಬ್ಬ ಯುವತಿ. ರೇಬೀಸ್ ಬಗ್ಗೆಯೂ ಒಂದು ಮಾತು. 1988ರಲ್ಲಿ ದಕ್ಷಿಣ ಟೆಕ್ಸಸ್‌ನ ಕಯೋಟಿಗಳಲ್ಲಿ ನಾಯಿಯ ರೇಬೀಸ್ ಹಬ್ಬಿದಾಗ, ಆ ರಾಜ್ಯ 1995ರಿಂದ ಲಸಿಕೆ ತುಂಬಿದ ತಿನಿಸನ್ನು ವಿಮಾನದಿಂದ ಉದುರಿಸಿ ರೋಗವನ್ನು ಅಳಿಸಿತು. ನಮ್ಮ ತೋಳಗಳಿಗೂ ಇಂಥದೊಂದು ಏರ್ಪಾಡು ಆಗಬಾರದೇ ಎಂದು ಅನ್ನಿಸುತ್ತದೆ.

ಪ್ರಶ್ನೆ: ಮನೆಯಲ್ಲಿ ನರಿ ಕೊಂಬು ಇದ್ದರೆ ಸಂಪತ್ತು ಬರುತ್ತದೆಂದು ಒಬ್ಬರು ಮಾರಿ ಹೋದರು. ಇದು ನಿಜವಾದ ಕೊಂಬೇ?
— ಓದುಗರು, ಚಿಂತಾಮಣಿ

ಉತ್ತರ: ನರಿಗೆ ಕೊಂಬಿಲ್ಲ. ಮೂಳೆಯ ಇಲ್ಲವೇ ಉಗುರಿನ ಚೂರಿಗೆ ರೋಮವಿರುವ ಚರ್ಮ ಸುತ್ತಿ ಅಂಟಿಸಿ ಮಾರುತ್ತಾರೆ. ಆ ಚರ್ಮ ನಿಜವಾದ ನರಿಯದಾಗಿದ್ದರೆ, ಹೊಲದ ಇಲಿ-ಹೆಗ್ಗಣಗಳನ್ನು ತಿಂದು ನಿಮಗೆ ಉಪಕಾರ ಮಾಡುತ್ತಿದ್ದ ಪ್ರಾಣಿಯೊಂದು ಉರುಳಿಗೆ ಬಿದ್ದಿದೆ ಎಂದರ್ಥ, ಮತ್ತು ಅದನ್ನು ಇಟ್ಟುಕೊಳ್ಳುವುದೂ ಅಪರಾಧ. ಕೊಟ್ಟ ಹಣ ಹಿಂತಿರುಗುವ ಭರವಸೆ ಕಡಿಮೆ. ವಸ್ತುವನ್ನು ಹತ್ತಿರದ ವಲಯ ಅರಣ್ಯಾಧಿಕಾರಿಗೆ ಒಪ್ಪಿಸಿ, ಮಾರಿದವರ ಗುರುತು ಹೇಳಿ.