ಗೋಡೆ ಮೇಲೆ ಸರ್ಟಿಫಿಕೇಟ್, ಕೈಯಲ್ಲಿ ಹಿಂಬರಹ

ಪ್ರಶ್ನೆ: ಅಕ್ಕಾರ, ನಮಸ್ಕಾರ. ಅಪ್ಪ ತೀರಿಕೊಂಡ ಮೇಲೆ ಹೊಲದ ವಾರಸಾ ಮಾಡಿಸಲು ಅರ್ಜಿ ಕೊಟ್ಟೆ. ಮೂರು ಸಲ ವಾಪಸ್ ಬಂತು. ಮೊದಲು, ಉತಾರದಲ್ಲಿ ಬಸವಣ್ಣೆಪ್ಪ ಇದೆ, ಆಧಾರ್‌ನಲ್ಲಿ ಬಸಪ್ಪ ಇದೆ ಅಂದರು. ಅಫಿಡವಿಟ್ ಮಾಡಿಸಿಕೊಂಡು ಹೋದರೆ ವಂಶವೃಕ್ಷ ತನ್ನಿ ಅಂದರು. ಅದನ್ನು ಒಯ್ದರೆ ಅದರಲ್ಲಿ ಅಕ್ಕನ ಸಹಿ ಇಲ್ಲ ಅಂದರು. ತಮಾಷೆ ಏನಂದ್ರೆ, ಸಾಹೇಬರ ಕುರ್ಚಿ ಹಿಂದೆ ಐಎಸ್‌ಒ 9001 ಅನ್ನೋ ಗುಣಮಟ್ಟದ ವ್ಯವಸ್ಥೆಯ ಸರ್ಟಿಫಿಕೇಟ್‌ಗೆ ಕಟ್ಟು ಹಾಕಿಸಿ ತೂಗುಹಾಕಿದ್ದಾರೆ! ಕಾರ್ಖಾನೆಯಲ್ಲಿ ಇರೋ ಹಾಗೆ ಎಲ್ಲ ಸರ್ಕಾರಿ ಕಚೇರಿಗೂ ಗುಣಮಟ್ಟದ ವ್ಯವಸ್ಥೆ ಕಡ್ಡಾಯ ಮಾಡಿದರೆ ಇದೆಲ್ಲ ಸರಿಹೋಗುತ್ತಾ?
– ಓದುಗರು, ಗದಗ

ಉತ್ತರ: ನಾನು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ವಾಲ್ವ್ ಮಾಡುವ ಕಾರ್ಖಾನೆಯೊಂದರಲ್ಲಿ ಇನ್‌ಸ್ಪೆಕ್ಷನ್ ಕೆಲಸದಲ್ಲಿದ್ದವಳು. ಅಳತೆ ತಪ್ಪಿದ ಪೀಸು ಕೆಂಪು ಟ್ರೇಗೆ ಹೋಗುತ್ತಿತ್ತು. ಸಂಜೆ ಆ ಟ್ರೇ ಮುಂದೆ ಕೂತು ಯಾಕೆ ತಪ್ಪಿತು ಅಂತ ಒಂದೊಂದಕ್ಕೂ ಬರೆಯಬೇಕು. ಒಂದೇ ತೂತು ಹತ್ತು ಪೀಸಲ್ಲೂ ವಾರೆಯಾಗಿದ್ದರೆ ಹುಡುಗನಿಗೆ ಬೈಯ್ಯೋದಲ್ಲ, ಡ್ರಿಲ್ ಮಷೀನು ನೋಡೋದು. 9001ರ ಜೀವ ಇರೋದೇ ಅಲ್ಲಿ. ಕೆಲಸ ಹೇಗೆ ಮಾಡ್ತೀರಿ ಅಂತ ಬರೆದಿಡಿ, ಹಾಗೇ ಮಾಡಿ, ತಪ್ಪಿದ್ದನ್ನು ಹಿಡಿಯಿರಿ, ಅದೇ ತಪ್ಪು ಮತ್ತೆ ಆಗದ ಹಾಗೆ ಕಾರಣ ತೆಗೆಯಿರಿ. ನಿಮ್ಮ ವಾಲ್ವ್ ಚೆನ್ನಾಗಿದೆ ಅಂತ ಆ ಸರ್ಟಿಫಿಕೇಟ್ ಎಲ್ಲೂ ಹೇಳುವುದಿಲ್ಲ.

ಈಗ ನಿಮ್ಮ ಅರ್ಜಿಗೆ ಬರೋಣ. ನಮ್ಮಲ್ಲಿ ಸಕಾಲ ಇದೆ. 2011ರ ಕಾನೂನು ಅದು. 2012ರ ಮಾರ್ಚ್‌ನಲ್ಲಿ ನಾಲ್ಕು ತಾಲ್ಲೂಕಿನಲ್ಲಿ ಪ್ರಯೋಗ ಮಾಡಿ ನೋಡಿದರು, ಅದರಲ್ಲಿ ನಮ್ಮ ಧಾರವಾಡವೂ ಒಂದು. ಏಪ್ರಿಲ್‌ನಲ್ಲಿ ಇಡೀ ರಾಜ್ಯಕ್ಕೆ ಬಂತು. ಇಂಥ ಕೆಲಸಕ್ಕೆ ಇಷ್ಟು ದಿನ ಅಂತ ಗೊತ್ತಾಯಿತು. ತಡವಾದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಅದನ್ನು ಹಗುರ ಮಾಡಲ್ಲ ನಾನು. ಅದಕ್ಕೂ ಮುಂಚೆ "ಮುಂದಿನ ವಾರ ಬರ್ರಿ" ಅನ್ನೋದೇ ತಾರೀಖಾಗಿತ್ತು. ಆದರೆ ಸಕಾಲ ಎಣಿಸೋದು ದಿನವನ್ನು. ಕಾರಣ ಬರೆದು ತಿರಸ್ಕರಿಸಿದರೂ ಅದು ವಿಲೇವಾರಿಯೇ. ನಿಮ್ಮ ಮೂರು ಹಿಂಬರಹಗಳು, ಅಂದರೆ ಕಾರಣ ಬರೆದು ಅರ್ಜಿ ವಾಪಸ್ ಮಾಡಿದ ಪತ್ರಗಳು, ಅವಧಿಯೊಳಗೆ ಬಂದಿದ್ದರೆ ಲೆಕ್ಕದಲ್ಲಿ ಸಮಯಕ್ಕೆ ಮುಗಿದ ಮೂರು ಕೆಲಸ ಅಂತ ಕೂತಿರುತ್ತವೆ. ನನ್ನ ಟ್ರೇಯಲ್ಲಿ ಅವು ಮೂರು ರಿಜೆಕ್ಟ್, ಅಲ್ವಾ?

ಸರ್ಕಾರಿ ಕಚೇರಿಗೆ ಗುಣಮಟ್ಟದ ವ್ಯವಸ್ಥೆ ಕಡ್ಡಾಯ ಮಾಡಿ ನೋಡಿದ ದೇಶಗಳಿವೆ. ಕೊಲಂಬಿಯಾ 2003ರಲ್ಲಿ ಕಾನೂನನ್ನೇ ತಂದಿತು, ಫಿಲಿಪೀನ್ಸ್ 2007ರಲ್ಲಿ ಅಧ್ಯಕ್ಷರ ಆದೇಶ ಹೊರಡಿಸಿತು. ಕೊಲಂಬಿಯಾದವರು 2017ರಲ್ಲಿ ಅದನ್ನು ಬೇರೆಯಾಗಿ ಇಟ್ಟುಕೊಳ್ಳದೆ ಆಡಳಿತದ ಒಟ್ಟು ಚೌಕಟ್ಟಿನಲ್ಲಿ ಸೇರಿಸಿಬಿಟ್ಟರು. ನಮ್ಮಲ್ಲೂ ಸರ್ಕಾರಿ ಸೇವೆಗೆ ಅಂತಲೇ ದೇಶದ ಮಾನದಂಡ ಸಂಸ್ಥೆ ಬಿಐಎಸ್ 2005ರಲ್ಲಿ ಐಎಸ್ 15700 ಅನ್ನೋ ಮಾನದಂಡ ಮಾಡಿತ್ತು, ಎಷ್ಟು ಜನ ಕೇಳಿದ್ದೀರಿ?

ಸರ್ಟಿಫಿಕೇಟ್ ಕಡ್ಡಾಯ ಮಾಡಬೇಡಿ ಅನ್ನೋಳು ನಾನು. ಮಾಡಿದ ದಿನವೇ ಕನ್ಸಲ್ಟೆಂಟುಗಳು ಒಂದೇ ಮ್ಯಾನ್ಯುಯಲ್ಲಿಗೆ ಹೆಸರು ಬದಲಿಸಿ ಮಾರುತ್ತಾರೆ. ಒಂದು ಕಚೇರಿಯ ಮ್ಯಾನ್ಯುಯಲ್ ನನ್ನ ಕೈಗೆ ಬಂದಿತ್ತು, ಅದರಲ್ಲಿ ಕಚ್ಚಾ ಮಾಲಿನ ಗೋದಾಮಿನಲ್ಲಿ ಹುಳ ಬೀಳದಂತೆ ನೋಡಿಕೊಳ್ಳುವ ಬಗ್ಗೆ ಅರ್ಧ ಪುಟ ಇತ್ತು! ಕಡ್ಡಾಯ ಮಾಡೋದಾದರೆ ಕೆಂಪು ಟ್ರೇ ಮಾಡಲಿ. ಈ ತಿಂಗಳು ಎಷ್ಟು ಅರ್ಜಿ ವಾಪಸ್ ಕಳಿಸಿದೆವು, ಯಾವ ಕಾರಣಕ್ಕೆ ಎಷ್ಟು ಅಂತ ಬಾಗಿಲಲ್ಲಿ ಬೋರ್ಡ್ ಹಾಕಲಿ. ನಮ್ಮ ಬೆಂಗೇರಿಯ ಖಾದಿ ಸಂಘದಲ್ಲಿ ರಾಷ್ಟ್ರಧ್ವಜ ಮಾಡೋದು ನಿಮಗೆ ಗೊತ್ತೇ ಇದೆ. ಅದಕ್ಕೂ ಬಿಐಎಸ್ ಮಾನದಂಡವೇ, ಐಎಸ್ 1. ನೂಲು, ಬಣ್ಣ, ಅಳತೆ, ಹೊಲಿಗೆ ಎಲ್ಲದಕ್ಕೂ ಲೆಕ್ಕ ಇದೆ. ಆದರೆ ಅಲ್ಲಿ ಹೊಲಿಯುವವರಿಗೆ ಅಳತೆ ಮೊದಲೇ ಗೊತ್ತಿರುತ್ತದೆ. ನಿಮಗೆ ಹೊಲಿದು ತಂದ ಮೇಲೆ ಅಳತೆ ಹೇಳಿದರು, ಅದೂ ಮೂರು ಕಂತಿನಲ್ಲಿ.

ಅಂದಹಾಗೆ, ಆ ಹಿಂಬರಹಗಳನ್ನು ಹರಿದು ಎಸೆದಿಲ್ಲ ತಾನೇ? ಸಕಾಲದಲ್ಲಿ ತಿರಸ್ಕಾರದ ಮೇಲೂ ಮೇಲ್ಮನವಿ ಹಾಕಬಹುದು. ಮೂರನ್ನೂ ಒಟ್ಟಿಗೆ ಪಿನ್ ಮಾಡಿ ಲಗತ್ತಿಸಿ, ಮೊದಲ ಸಲವೇ ಮೂರನ್ನೂ ಯಾಕೆ ಹೇಳಲಿಲ್ಲ ಅಂತ ಒಂದೇ ಸಾಲು ಬರೆಯಿರಿ.

ಪ್ರಶ್ನೆ: ನಾನು ಕಚೇರಿಯಲ್ಲಿ ಕೇಸ್ ವರ್ಕರ್. ಇಬ್ಬರ ಟೇಬಲ್ ಒಬ್ಬನೇ ನೋಡ್ತಾ ಇದ್ದೀನಿ. ಗುಣಮಟ್ಟ ಅಂತ ಇನ್ನೊಂದು ರಿಜಿಸ್ಟರ್ ತಂದು ತಲೆ ಮೇಲೆ ಇಡಬೇಡ್ರಿ ಅಕ್ಕಾರ.
– ಹಾವೇರಿಯಿಂದ ಒಬ್ಬರು

ಉತ್ತರ: ನೀವು ಹೇಳೋದು ನಿಜ, ಖಾಲಿ ಹುದ್ದೆಯನ್ನು ಯಾವ ಐಎಸ್‌ಒ ಕೂಡ ತುಂಬಲ್ಲ. ಹೊಸ ರಿಜಿಸ್ಟರ್ ಬೇಡ. ಹಿಂಬರಹದ ಪ್ರತಿ ಹೇಗೂ ಫೈಲಲ್ಲಿ ಇರುತ್ತದಲ್ಲ, ತಿಂಗಳ ಕೊನೆಗೆ ಅವನ್ನೇ ಕಾರಣದ ಪ್ರಕಾರ ಗುಂಪು ಮಾಡಿ. ಯಾವ ಗುಂಪು ದಪ್ಪ ಇದೆಯೋ ಆ ದಾಖಲೆಯ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆದು ಕೌಂಟರ್ ಗಾಜಿಗೆ ಅಂಟಿಸಿ. ಅದೇ ಜನ ಮೂರು ಸಲ ಬರೋದು ತಪ್ಪಿದರೆ ನಿಮ್ಮ ಟೇಬಲ್ಲೂ ಸ್ವಲ್ಪ ಹಗುರ ಆಗುತ್ತದೆ.

ಪ್ರಶ್ನೆ: ಗೋಡೆ ಮೇಲಿನ ಐಎಸ್‌ಒ ಸರ್ಟಿಫಿಕೇಟ್ ಅಸಲಿಯೋ ಅಲ್ಲವೋ ಅಂತ ತಿಳಿಯೋದು ಹೇಗೆ?
– ಓದುಗರು, ಧಾರವಾಡ

ಉತ್ತರ: ಐಎಸ್‌ಒ ಸಂಸ್ಥೆ ಯಾರಿಗೂ ಸರ್ಟಿಫಿಕೇಟ್ ಕೊಡೋದೇ ಇಲ್ಲ, ಬೇರೆ ಸಂಸ್ಥೆಗಳು ಕೊಡುತ್ತವೆ. ಕೊಟ್ಟವರಿಗೆ ಎನ್‌ಎಬಿಸಿಬಿ (ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳನ್ನೇ ಪರಿಶೀಲಿಸುವ ಮಂಡಳಿ) ಥರದವರ ಮಾನ್ಯತೆ ಇದೆಯಾ ನೋಡಿ. ತಾರೀಖು ನೋಡಿ, ಸಾಮಾನ್ಯವಾಗಿ ಮೂರು ವರ್ಷಕ್ಕೆ ಮುಗಿಯುತ್ತದೆ. ಜೊತೆಗೆ ಯಾವ ಕೆಲಸಕ್ಕೆ ಕೊಟ್ಟಿದ್ದಾರೆ ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ, ಅದನ್ನೂ ಓದಿ. ಕೆಲವು ಸಲ ಅದು ಬರೀ ಟಪಾಲು ವಿಭಾಗಕ್ಕೆ ಇರುತ್ತದೆ.